ಹೊರಮಾವಿನ ಮೂವತ್ತೆರಡನೇ ಬೆಡ್

ಜೂನ್ 3, ಮಂಗಳವಾರ

ಏಳಕ್ಕೆ ರೌಂಡ್ಸ್. ಹದಿನಾಲ್ಕನೇ ಬೆಡ್ಡಿನವರ ಡ್ರೇನ್ ಟ್ಯೂಬ್ ತೆಗೆದೆ. ಒಂಬತ್ತಕ್ಕೆ ಆಪರೇಷನ್ ಥಿಯೇಟರ್, ಹರ್ನಿಯಾ. ನಮ್ಮ ಹೆಚ್.ಓ.ಡಿ. ಅಂಜನಮೂರ್ತಿ ಸರ್ ಅರ್ಧಕ್ಕೇ ಕೈ ಹಿಂದೆ ತೆಗೆದುಕೊಂಡು, "ಮುಂದೆ ನೀವೇ ಮಾಡ್ರಿ ಹಂಸ, ನಾನು ನೋಡ್ತಿರ್ತೀನಿ" ಎಂದರು. ಮಾಡಿದೆ. ಗ್ಲೌಸ್ ಬಿಚ್ಚಿದ ಕೂಡಲೇ ಲಾಗ್‌ಬುಕ್ ಹಿಡಿದು ನಿಂತೆ.

"ನಾಳೆ ಸೈನ್ ಹಾಕ್ತೀನಿ ಬಿಡ್ರಿ, ಎಲ್ಲಿ ಓಡಿ ಹೋಗ್ತೀನಿ ನಾನು?"

"ಇವತ್ತೇ ಹಾಕ್ಬಿಡಿ ಸರ್."

ಹಾಕಿದರು. ಲಾಗ್‌ಬುಕ್ಕಿನಲ್ಲಿ ಮೂರು ಕಾಲಂ — ನೋಡಿದ್ದು, ಸಹಾಯ ಮಾಡಿದ್ದು, ಸ್ವತಃ ಮಾಡಿದ್ದು. ಮೂರನೆಯದು ತುಂಬಬೇಕು. ಡಿಸೆಂಬರ್‌ನಲ್ಲಿ ಎಂ.ಎಸ್. ಫೈನಲ್. ಇನ್ನೂ ಮೂವತ್ತೆಂಟು ಕೇಸ್ ಬಾಕಿ. ಶಿವಾಜಿನಗರದ ಈ ಆಸ್ಪತ್ರೆಗೆ ಬರುವ ಜನ ನೋಡಿದರೆ ಮೂವತ್ತೆಂಟು ಏನೂ ಅಲ್ಲ.

ಓ.ಪಿ.ಡಿ. ಕಾರಿಡಾರಿನಲ್ಲಿ ಇಬ್ಬರು ಟೇಪ್ ಹಿಡಿದು ಗೋಡೆ ಅಳೆಯುತ್ತಿದ್ದರು. ಯಾಕೆಂದು ಕೇಳಿದರೆ "ಪೇಂಟಿಂಗು ಮೇಡಂ." ಪೇಂಟಿಂಗಿಗೆ ಬಂದವರು ಪಾಲಿಶ್ ಮಾಡಿದ ಶೂ ಹಾಕುವುದಿಲ್ಲ. ನಾವು ತಿಪ್ಪಸಂದ್ರದವರು. ಅದು ಹೊಲವಾಗಿದ್ದಾಗಿನಿಂದ ಅಳೆಯಲು ಬಂದವರನ್ನು ನೋಡಿದ್ದೇವೆ.

ಜೂನ್ 6

ಅನುಮಾನ ಸುಳ್ಳಾಗಲಿಲ್ಲ.

ಸೂರ್ಯ ಕ್ಯಾಂಟೀನಿನಲ್ಲಿ ಹೇಳಿದ. ಅವನೂ ನನ್ನ ಹಾಗೆ ಮೂರನೇ ವರ್ಷದ ಪಿ.ಜಿ. "ಅಗ್ರಿಮೆಂಟ್ ಮುಗೀತಂತೆ ಗುರು. ರಿನ್ಯೂ ಮಾಡಲ್ವಂತೆ."

ನಮ್ಮ ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲ. ಇಪ್ಪತ್ತು ವರ್ಷದಿಂದ ಈ ಹಳೇ ಆಸ್ಪತ್ರೆಯ ಜೊತೆ ಒಪ್ಪಂದ. ರೋಗಿಗಳು ಅವರದು, ಕಲಿಯುವವರು ನಾವು. ಈಗ ಆಸ್ಪತ್ರೆಯನ್ನು ಯಾವುದೋ ದೊಡ್ಡ ಕಂಪನಿ ವಹಿಸಿಕೊಳ್ಳುತ್ತಿದೆ. ಅವರಿಗೆ ಪಿ.ಜಿ.ಗಳು ಬೇಡವಂತೆ.

ಸರ್ ಹತ್ತಿರ ಹೋದೆವು. "ರೂಮರ್ಸ್ ಎಲ್ಲ ನಂಬ್ಬೇಡಿ" ಎಂದರು. ಮಾತಾಡುವಾಗ ಅವರ ಹಿಂದಿನ ಕಪಾಟು ನೋಡಿದೆ. ಪುಸ್ತಕ ಒಂದೂ ಇಲ್ಲ. ರೂಮರ್ ಆಗಿದ್ದರೆ ಪುಸ್ತಕ ಯಾಕೆ ಮನೆಗೆ ಹೋದವು?

ಜೂನ್ 12

ಸರ್ಕ್ಯುಲರ್ ಬಂತು. ಜುಲೈ ಒಂದರಿಂದ ಹೊರಮಾವಿನ ಹೊಸ ಆಸ್ಪತ್ರೆ. ಮುನ್ನೂರು ಬೆಡ್. "ತರಬೇತಿಗೆ ಯಾವುದೇ ಅಡಚಣೆ ಆಗುವುದಿಲ್ಲ" ಎಂಬ ಸಾಲಿಗೆ ಅಡಿಗೆರೆ ಬೇರೆ. ಅಡಚಣೆ ಇಲ್ಲದಿದ್ದರೆ ಗೆರೆ ಎಳೆಯುವ ಅಗತ್ಯವೇನಿತ್ತು.

ಈ ವಾರ ಸರ್ ಸೂರ್ಯನನ್ನು ಮೂರು ಸಲ ರೂಮಿಗೆ ಕರೆದರು. ನನ್ನನ್ನು ಒಂದು ಸಲವೂ ಇಲ್ಲ. ಏನು ಮಾತು ಎಂದರೆ "ಥೀಸಿಸ್ ಕರೆಕ್ಷನ್." ಕರೆಕ್ಷನ್ನಿಗೆ ಹೋದವನ ಕೈಯಲ್ಲಿ ಥೀಸಿಸ್ ಇರಲಿಲ್ಲ.

ಜೂನ್ 30, ಸೋಮವಾರ

ಕೊನೆಯ ದಿನ. ಒಂಬತ್ತನೇ ಬೆಡ್ಡಿನ ಅಜ್ಜ ಕೇಳಿದರು, "ಗುರುವಾರ ಹೊಲಿಗೆ ಬಿಚ್ಚೋದು ನೀನೇ ತಾನೇ ಬೇಟಿ?" ಹೂಂ ಅಂದುಬಿಟ್ಟೆ. ಯಾಕೆ ಅಂದೆನೋ.

ಥಿಯೇಟರಿನ ಫಿಲೋಮಿನಾ ಸಿಸ್ಟರ್ ಬಾಗಿಲವರೆಗೆ ಬಂದರು. ಮೂರು ವರ್ಷ ನನ್ನನ್ನು ಬೈದೇ ಕಲಿಸಿದವರು. "ನೀ ಪೋಮ್ಮಾ. ನಾ ಪಾತ್ತುಕ್ಕರೇನ್." ಹೋಗು, ನಾನು ನೋಡಿಕೊಳ್ಳುತ್ತೇನೆ ಅಂತ. ಅಳು ಬಂತು. ಸ್ಕೂಟರಿನ ಹತ್ತಿರ ಹೋಗಿ ಅತ್ತೆ.

ಬಾಕಿ: ಮೂವತ್ತೊಂದು.

ಜುಲೈ 4

ಹೊಸ ಜಾಗ. ಮನೆಯಿಂದ ಹೊರಟು ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ.

ಕಟ್ಟಡ ಚೆನ್ನಾಗಿದೆ. ಪೇಂಟ್ ವಾಸನೆ. ಹಾಸಿಗೆಗಳ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಮುನ್ನೂರು ಬೆಡ್ಡಿಗೆ ರೋಗಿಗಳು ಹನ್ನೊಂದು. ಅದರಲ್ಲಿ ಇಬ್ಬರು ಇಲ್ಲಿನ ಸೆಕ್ಯೂರಿಟಿಯವರ ನೆಂಟರು. ಅನಸ್ತೀಷಿಯಾ ಡಾಕ್ಟರು ವಾರಕ್ಕೆ ಮೂರು ದಿನ, ಬೆಳಗ್ಗೆ ಮಾತ್ರ. ಅರಿವಳಿಕೆ ಕೊಡುವವರೇ ಇಲ್ಲದ ಮೇಲೆ ಆಪರೇಷನ್ ಎಲ್ಲಿಂದ?

ಮನೆಯಲ್ಲಿ ಆಂಜನಮ್ಮಜ್ಜಿ ಕೇಳಿದಳು, "ಇವತ್ತು ಎಷ್ಟು ಜನಕ್ಕೆ ಕುಯ್ದೆ?"

"ಯಾರಿಗೂ ಇಲ್ಲ."

"ಅಷ್ಟು ದೂರ ಹೋಗಿ ಬಂದ್ಯಲ್ಲ, ಈರುಳ್ಳಿನಾದ್ರೂ ಕುಯ್ಯಿ ಬಾ."

ಕುಯ್ದೆ.

ಜುಲೈ 19, ಶನಿವಾರ

ಹತ್ತೊಂಬತ್ತು ದಿನದಲ್ಲಿ ಮೂರನೇ ಕಾಲಂ: ಕೀವುಗುಳ್ಳೆ, ಎರಡು. ಅಷ್ಟೇ.

ಸೂರ್ಯ ಪ್ರತಿ ಬುಧವಾರ ಮತ್ತು ಶನಿವಾರ ಹನ್ನೊಂದಕ್ಕೆ ಮಾಯ. ಇವತ್ತು ಹಿಂಬಾಲಿಸಿದೆ. ಹೌದು, ನಾಚಿಕೆ ಇಲ್ಲದೆ. ಹೆಲ್ಮೆಟ್ ಹಾಕಿಕೊಂಡು, ಅವನ ಬೈಕಿನ ಹಿಂದೆ, ಹಲಸೂರು ಕೆರೆಯವರೆಗೆ. ಅಲ್ಲಿ ಸಿಗ್ನಲ್ಲಿನಲ್ಲಿ ತಿರುಗಿ ನೋಡಿ ಕೈ ಬೀಸಿದ. ಪಕ್ಕಕ್ಕೆ ಹಾಕು ಎಂದು ಸನ್ನೆ ಮಾಡಿದ.

"ಮಗಾ, ನೀನು ಎಂ.ಎಸ್. ಸರ್ಜರಿನಾ, ಎಂ.ಎಸ್. ಅನುಮಾನನಾ?"

"ಹಳೇ ಆಸ್ಪತ್ರೆಗೆ ತಾನೇ ಹೋಗ್ತಿರೋದು? ಸರ್ ನಿಂಗೆ ಮಾತ್ರ ಅಲ್ಲಿ ಕೇಸ್ ಕೊಡ್ಸಿದ್ದಾರೆ."

ಬ್ಯಾಗಿನಿಂದ ಕಾಗದ ತೆಗೆದ. ಯೂನಿವರ್ಸಿಟಿಗೆ ಅರ್ಜಿ. ಇಲ್ಲಿ ರೋಗಿಗಳಿಲ್ಲ, ಕಲಿಕೆ ಇಲ್ಲ, ನಮ್ಮನ್ನು ಬೇರೆ ಆಸ್ಪತ್ರೆಗೆ ಹಂಚಿ ಎಂದು. ಐದು ಸಹಿ ಇದ್ದವು. ಆರನೆಯದು ನನ್ನ ಹೆಸರು, ಮುಂದೆ ಖಾಲಿ.

"ಪ್ರತಿ ಸಲ ಯೂನಿವರ್ಸಿಟಿಗೆ ಹೋಗಿ ಒಬ್ಬೊಬ್ಬರನ್ನ ಕೇಳ್ಕೊಂಡು ಬರ್ತಿದೀನಿ. ಸೈನ್ ಮಾಡು."

ಮಾಡಲಿಲ್ಲ. ಈ ಕಾಗದ ಮೊದಲು ಯಾರ ಮೇಜಿಗೆ ಹೋಗುತ್ತದೆ? ಸರ್ ಮೇಜಿಗೆ ಹೋದರೆ ಡಿಸೆಂಬರ್‌ನಲ್ಲಿ ನನ್ನ ಪ್ರಾಕ್ಟಿಕಲ್ ಯಾರು ತೆಗೆದುಕೊಳ್ಳುವವರು? ಯೋಚನೆ ಮಾಡುತ್ತೇನೆ ಎಂದೆ.

"ಯೋಚ್ನೆ ಮಾಡು. ನಿಂಗದೇ ಕೆಲಸ ಅಲ್ವಾ" ಎಂದು ಹೊರಟುಹೋದ. ಅವನಿಗೆ ಬೇಜಾರಾಯಿತು. ನನಗೂ ಆಯಿತು. ಆದರೂ ಸಹಿ ಮಾಡದ್ದು ಸರಿ ಅನ್ನಿಸುತ್ತದೆ.

ಆಗಸ್ಟ್ 9, ಶನಿವಾರ

ಮುಂದಿನ ವಾರ ಯಾವ ದಿನ ಬೇಕಾದರೂ ಇನ್‌ಸ್ಪೆಕ್ಷನ್. ಹೊಸ ಆಸ್ಪತ್ರೆಗೆ ಮಾನ್ಯತೆ ಕೊಡುವುದೋ ಬೇಡವೋ ಎಂದು ನೋಡಲು ತಂಡ ಬರುತ್ತದೆ. ಕೊಡದಿದ್ದರೆ ನಾವು ಹದಿನೆಂಟು ಪಿ.ಜಿ.ಗಳು ಬೀದಿಗೆ.

ಸರ್ ಮೀಟಿಂಗ್ ಕರೆದರು. "ನಾಳೆಯಿಂದ ಹೆಲ್ತ್ ಕ್ಯಾಂಪ್. ವಾರ್ಡು ತುಂಬಿರುತ್ತೆ. ನೀವು ಕೇಸ್ ಶೀಟ್ ಬರೀಬೇಕು, ಅಷ್ಟೇ." ಯಾರ ಮುಖವನ್ನೂ ನೋಡಲಿಲ್ಲ.

ಆಗಸ್ಟ್ 10, ಭಾನುವಾರ

ವ್ಯಾನುಗಳು ಬಂದವು. ಸುತ್ತಮುತ್ತಲ ಬಾಡಿಗೆ ರೂಮುಗಳ ಜನ. ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು, ಕಟ್ಟಡ ಕೆಲಸಕ್ಕೆ ಬಂದವರು. ಊಟ, ತಿಂಡಿ, ಮಲಗಲು ಹಾಸಿಗೆ. ಮಾಡಬೇಕಾದದ್ದು ಇನ್‌ಸ್ಪೆಕ್ಷನ್ ಮುಗಿಯುವವರೆಗೆ ಪೇಷೆಂಟ್ ಆಗಿರುವುದು.

ಆಫೀಸಿನಿಂದ ಪಟ್ಟಿ ಬಂತು. ಯಾವ ಬೆಡ್ಡಿಗೆ ಯಾವ ರೋಗ ಎಂದು. ಇಪ್ಪತ್ತೊಂದಕ್ಕೆ ಪಿತ್ತಕೋಶದ ಕಲ್ಲು, ಇಪ್ಪತ್ತೆರಡಕ್ಕೆ ಹರ್ನಿಯಾ. ಇಪ್ಪತ್ತೆರಡನ್ನು ಕೇಳಿದೆ, ಹರ್ನಿಯಾ ಎಲ್ಲಿ? ಮೊಣಕೈ ತೋರಿಸಿದ. ಸೂರ್ಯ ಗೋಡೆ ಕಡೆ ತಿರುಗಿ ನಕ್ಕ. ನಾನೂ ನಕ್ಕೆ. ಆಮೇಲೆ ಹರ್ನಿಯಾ ಎಂದೇ ಬರೆದೆ.

ಮೂವತ್ತು ಶೀಟ್ ಬರೆದೆ. ನರ್ಸುಗಳು ಎಲ್ಲದರಲ್ಲೂ ಪಲ್ಸ್ ಎಪ್ಪತ್ತೆಂಟು ಎಂದು ಹಾಕಿದ್ದಾರೆ.

ಆಗಸ್ಟ್ 11, ಸೋಮವಾರ. ಮಧ್ಯಾಹ್ನ ಎರಡು

ಇನ್‌ಸ್ಪೆಕ್ಷನ್ ಇವತ್ತೂ ಬರಲಿಲ್ಲ. ಜನಕ್ಕೆ ಬೇಸರ ಹತ್ತಿದೆ. ಕೆಲವರು ವಾರ್ಡಿನಲ್ಲೇ ಇಸ್ಪೀಟು.

ಮೂವತ್ತೆರಡನೇ ಬೆಡ್ಡಿಗೆ ಬೆಳಗ್ಗೆ ಹೊಸಬ. ಹುಸೇನಪ್ಪ, ನಲವತ್ತೈದು, ಸೆಂಟ್ರಿಂಗ್ ಕೆಲಸ, ಯಾದಗಿರಿ ಕಡೆ. ಪಟ್ಟಿಯಲ್ಲಿ "ಹೊಟ್ಟೆನೋವು — ಅಬ್ಸರ್ವೇಷನ್." ಪಾಠ ಚೆನ್ನಾಗಿಯೇ ಹೇಳಿಕೊಟ್ಟಿದ್ದಾರೆ. ನೆಟ್ಟಗೆ ಮಲಗಿ, ಅಲುಗಾಡದೆ, "ಹೊಟ್ಟಿ ಭಾಳ ನೋಯಾಕತ್ತದ್ರಿ" ಅನ್ನುತ್ತಾನೆ. ಪಕ್ಕದಲ್ಲಿ ಹೆಂಡತಿ ಭೀಮಬಾಯಿ. ಅವಳದು ಇನ್ನೂ ಜೋರು.

"ಖರೇನ ನೋಯ್ತದ್ರಿ ಮೇಡಂ. ನಿನ್ನಿ ಸಂಜಿಂದ ಒಂದ್ ತುತ್ತು ತಿಂದಿಲ್ರಿ."

"ಚೆನ್ನಾಗಿದೆ. ಇನ್‌ಸ್ಪೆಕ್ಷನ್‌ನೋರು ಬಂದಾಗ್ಲೂ ಹೀಗೇ ಹೇಳಿ" ಎಂದೆ.

ಅವಳು ಗಂಡನ ಹೊದಿಕೆ ಎಳೆದು ಸರಿಮಾಡಿದಳು. ಬರೆದೆ: ಹೊಟ್ಟೆ ಮೃದು, ಒತ್ತಿದರೆ ನೋವಿಲ್ಲ. ಎರಡು ನಿಮಿಷದ ಕೆಲಸ. ಇಷ್ಟು ಬೇಗ ಶೀಟ್ ಬರೆಯುವುದನ್ನು ಈ ಆಸ್ಪತ್ರೆಯೇ ಕಲಿಸಿದ್ದು. ನನ್ನನ್ನು ಬೇಸ್ತು ಬೀಳಿಸಬೇಕಾದರೆ ಇನ್ನೂ ಒಳ್ಳೆಯ ನಟರನ್ನು ತರಲಿ.

ಆಗಸ್ಟ್ 12, ಮಂಗಳವಾರ

ಆಂಬ್ಯುಲೆನ್ಸಿನಲ್ಲಿ ಹೋಗಿ ಬಂದೆ. ಬರೆದರೆ ಸ್ವಲ್ಪ ತಲೆ ನಿಲ್ಲಬಹುದು.

ಬೆಳಗ್ಗೆ ಹತ್ತಕ್ಕೆ ಸೂರ್ಯ ಕೂಗಿದ. "ಹಂಸ, ಥರ್ಟಿ ಟೂ ಯಾರ್ ನೋಡಿದ್ದು?" ಹೋದೆ. ಅವನು ನನ್ನ ಕೈ ಹಿಡಿದು ಹುಸೇನಪ್ಪನ ಹೊಟ್ಟೆಯ ಮೇಲಿಟ್ಟ. ಹಲಗೆ. ಮುಟ್ಟಿದರೆ ಹಲಗೆ. ಪಲ್ಸ್ ನೂರ ಮೂವತ್ತು. ಎಕ್ಸ್‌ರೇ ತೆಗೆದರೆ ಹೊಟ್ಟೆಯೊಳಗೆ ಗಾಳಿ. ಕರುಳಿನ ಹುಣ್ಣು ಒಡೆದು ತೂತಾಗಿದೆ.

ವ್ಯಾನಿನಲ್ಲಿ ಬಂದವನಲ್ಲ. ನೋವು ತಡೆಯಲಾರದೆ ಸೋಮವಾರ ತಾನಾಗಿಯೇ ಬಂದವನು. ಬೇರೆ ಎಲ್ಲ ಶೀಟಿನ ಮೇಲೂ ಕ್ಯಾಂಪಿನ ಸೀಲ್ ಇತ್ತು, ಅವನದರ ಮೇಲೆ ಇರಲಿಲ್ಲ. ಆಫೀಸಿನವರು ಅವನನ್ನೂ ಪಟ್ಟಿಗೆ ಸೇರಿಸಿದ್ದರು. ಎಲ್ಲರ ಶೂ, ಕಪಾಟು, ಬ್ಯಾಗು ನೋಡುವ ನಾನು ಸೀಲ್ ನೋಡಲಿಲ್ಲ.

ನಟಿಸುವವನು ಹೊರಳಾಡುತ್ತಾನೆ. ತೂತಾದವನು ಅಲುಗಾಡುವುದಿಲ್ಲ, ಅಲುಗಾಡಿದರೆ ಪ್ರಾಣ ಹೋಗುತ್ತದೆ. ಎಂ.ಬಿ.ಬಿ.ಎಸ್.ನಲ್ಲೇ ಓದಿದ್ದು. ಹೊಸ ಜೂನಿಯರ್‌ಗಳಿಗೆ ನಾನೇ ಹೇಳಿಕೊಟ್ಟದ್ದು.

ಮಂಗಳವಾರ ಅನಸ್ತೀಷಿಯಾದವರು ಇಲ್ಲ. ನಾನು ಆಂಬ್ಯುಲೆನ್ಸ್ ಹತ್ತಿದೆ. ಟಿನ್ ಫ್ಯಾಕ್ಟರಿ, ಅದೇ ಜಾಮ್. ಭೀಮಬಾಯಿ ನನ್ನ ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಳೇ ಆಸ್ಪತ್ರೆಯ ಬಾಗಿಲಲ್ಲಿ ಹೊಸ ಸೆಕ್ಯೂರಿಟಿ. ರೋಗಿಯನ್ನು ಬಿಟ್ಟ, ನನ್ನನ್ನು ತಡೆದ. ಐ.ಡಿ. ಕಾರ್ಡ್ ಕೇಳಿದ. ತೋರಿಸಿದೆ. "ಇದು ಇಲ್ಲಿಂದಲ್ಲ ಮೇಡಂ." ಮೂರು ವರ್ಷ ಓಡಾಡಿದ ಥಿಯೇಟರಿನ ಹೊರಗೆ ರೋಗಿಯ ಕಡೆಯವರ ಬೆಂಚಿನ ಮೇಲೆ ಕೂತೆ. ಮೂರು ಗಂಟೆಗೆ ಫಿಲೋಮಿನಾ ಸಿಸ್ಟರ್ ಹೊರಬಂದರು. ಜೀವ ಇದೆ. ಐ.ಸಿ.ಯು. "ಏಮ್ಮಾ ಇಷ್ಟು ಲೇಟು?" ಎಂದು ಕೇಳಿದರು.

ಆಗಸ್ಟ್ 13

ಇನ್‌ಸ್ಪೆಕ್ಷನ್ ಬಂತು. ಪಾಸ್.

ಹುಸೇನಪ್ಪನ ಬೆಡ್ ಖಾಲಿ ಇರಬಾರದೆಂದು ಆಫೀಸಿನವರು ಇಸ್ಪೀಟಿನವರಲ್ಲಿ ಒಬ್ಬನನ್ನು ಅಲ್ಲಿ ಮಲಗಿಸಿದ್ದರು. ನಾನು ಸೋಮವಾರ ಬರೆದ ಶೀಟಿನ ಜೆರಾಕ್ಸೇ ಅವನ ಕಾಲ ಬಳಿ. ತಂಡದ ಹಿರಿಯರೊಬ್ಬರು ಹೊಟ್ಟೆ ಒತ್ತಿ ನೋಡಿ, ಶೀಟು ಓದಿ, ತಲೆಯಾಡಿಸಿದರು. ಮೃದು. ನೋವಿಲ್ಲ. ಎಲ್ಲವೂ ಸರಿಯಾಗಿತ್ತು.

ಆಗಸ್ಟ್ 19, ಮಂಗಳವಾರ

ಐದು ದಿನ ಬರೆಯಲಿಲ್ಲ. ನಿತ್ಯ ಶಿವಾಜಿನಗರಕ್ಕೆ ಹೋಗಿ ಐ.ಸಿ.ಯು. ಹೊರಗೆ ನಿಂತು ಬರುತ್ತಿದ್ದೇನೆ. ನಿನ್ನೆ ಹುಸೇನಪ್ಪನನ್ನು ವಾರ್ಡಿಗೆ ತಂದರು. ಜ್ವರ ಬಿಟ್ಟಿಲ್ಲ. ಗಾಯ ಕೀವಾಗಿದೆ, ಬಿಚ್ಚಿದ್ದಾರೆ. ತಿಂಗಳುಗಟ್ಟಲೆ ಕೆಲಸಕ್ಕೆ ಹೋಗುವಂತಿಲ್ಲ. ಭೀಮಬಾಯಿ ನನಗಾಗಿ ಬೆಂಚಿನಲ್ಲಿ ಜಾಗ ಹಿಡಿದಿರುತ್ತಾಳೆ. "ನೀವು ಗಾಡ್ಯಾಗ ಬರ್ಲಿಲ್ಲಂದ್ರ ಇವ್ರು ಉಳೀತಿರ್ಲಿಲ್ರಿ" ಎಂದು ಪಕ್ಕದವರಿಗೆಲ್ಲ ಹೇಳುತ್ತಾಳೆ. ಕೇಳಿಕೊಂಡು ಕೂತಿರುತ್ತೇನೆ. ಹೇಡಿ.

ಆಗಸ್ಟ್ 21, ಗುರುವಾರ

ಸರ್ ಕರೆದರು. ಈ ಸಲ ನನ್ನನ್ನು.

ಹಳೇ ಆಸ್ಪತ್ರೆಯ ಹೊಸ ಆಡಳಿತದಿಂದ ಪತ್ರ. ನಿಮ್ಮಲ್ಲಿ ದಾಖಲಾದ ರೋಗಿಯನ್ನು ಇಪ್ಪತ್ತಾರು ಗಂಟೆ ತಡವಾಗಿ ಕಳಿಸಿದ್ದೇಕೆ, ಕೇಸ್ ಶೀಟ್ ಕಳಿಸಿ ಎಂದು. ಸೋಮವಾರದೊಳಗೆ.

ಸರ್ ಹೊಸ ಶೀಟ್ ಮುಂದಿಟ್ಟರು. ಟೈಪ್ ಆಗಿಯೇ ಇತ್ತು. ಆಗಸ್ಟ್ 11, ಮಧ್ಯಾಹ್ನ ಎರಡು: ಹೊಟ್ಟೆ ಗಟ್ಟಿಯಾಗಿದೆ, ತಕ್ಷಣ ಬೇರೆ ಆಸ್ಪತ್ರೆಗೆ ಕರೆದೊಯ್ಯಲು ಸೂಚಿಸಲಾಯಿತು, ರೋಗಿಯ ಕಡೆಯವರು ನಿರಾಕರಿಸಿದರು. ಕೆಳಗೆ ಎರಡು ಜಾಗ. ಒಂದು ನನ್ನ ಸಹಿಗೆ. ಇನ್ನೊಂದು ನಿರಾಕರಿಸಿದವರ ಸಹಿಗೆ.

"ಸರ್, ಆ ಯಮ್ಮ ಬೇಡ ಅನ್ಲೇ ಇಲ್ಲ."

"ಗೊತ್ತು." ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ನೀವು ಬರ್ದಿರೋ ಶೀಟ್ ಹೊರಗೆ ಹೋದ್ರೆ, ಯಾಕೆ ಮುಟ್ಟಿ ನೋಡಿಲ್ಲ ಅಂತಾರೆ. ಯಾಕೆ ಅಂದ್ರೆ ಕ್ಯಾಂಪ್ ವಿಷ್ಯ ಬರುತ್ತೆ. ಕ್ಯಾಂಪ್ ಬಂದ್ರೆ ಮಾನ್ಯತೆ ಹೋಗುತ್ತೆ. ನಿಮ್ಮ ಡಿಗ್ರಿ ಒಂದೇ ಅಲ್ಲಮ್ಮ, ಹದಿನೆಂಟು ಜನದ್ದು."

"ಆಕೆ ಸೈನ್ ಮಾಡ್ತಾರಾ?"

"ನೀವು ಹೇಳಿದ್ರೆ ಮಾಡ್ತಾರೆ. ನಿಮ್ಮನ್ನ ತುಂಬಾ ನಂಬಿದಾರಂತೆ."

ಯಾರು ಹೇಳಿದರು ಇವರಿಗೆ? ಎದ್ದೆ. ಬಾಗಿಲ ಹತ್ತಿರ ಬಂದಾಗ, "ಲಾಗ್‌ಬುಕ್ ತಂದ್ಬಿಡಿ, ಬಾಕಿ ಇರೋದೆಲ್ಲ ಒಂದೇ ಸಲ ಸೈನ್ ಮಾಡ್ಕೊಡ್ತೀನಿ" ಎಂದರು. ದನಿಯಲ್ಲಿ ಗತ್ತು ಇರಲಿಲ್ಲ. ಅವರಿಗೂ ಭಯ. ಇವರನ್ನು ನಾನು ಕಳ್ಳ ಎಂದುಕೊಂಡಿದ್ದೆ. ಬರೀ ಹೆದರಿದ ಮನುಷ್ಯ. ಅದೇನೂ ಸಮಾಧಾನವಲ್ಲ.

ಆಗಸ್ಟ್ 22

ಸೂರ್ಯನಿಗೆ ಎಲ್ಲ ಹೇಳಿದೆ. ಅವನೇನಾದರೂ ದಾರಿ ತೋರಿಸುತ್ತಾನೆಂದು. "ಹದಿನೆಂಟರಲ್ಲಿ ನಾನೂ ಒಬ್ಬ ಗುರು. ನನ್ನನ್ನ ಕೇಳ್ಬೇಡ" ಎಂದ. ಅಷ್ಟೇ. ಮೊದಲ ಬಾರಿಗೆ ಅವನ ಮಾತಿನ ಹಿಂದೆ ಏನೂ ಹುಡುಕಲಿಲ್ಲ.

ಊಟ ಸೇರಲಿಲ್ಲ. ಅಪ್ಪ ಕಾರಣ ಕೇಳಿದರು. ಕೆಲಸ ಎಂದೆ.

ಆಗಸ್ಟ್ 23, ಶನಿವಾರ. ಸಂಜೆ ನಾಲ್ಕೂವರೆ

ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮಾಡಿಸಿಬಿಡೋಣ ಎಂದೇ ಬಂದೆ. ಸುಳ್ಳು ಯಾಕೆ ಬರೆಯಲಿ, ಇಲ್ಲಿ ಓದುವವರು ಯಾರೂ ಇಲ್ಲ. ಡಿಗ್ರಿ ಬೇಕು. ಆ ಹದಿನೇಳು ಜನಕ್ಕೂ ಬೇಕು. ಹುಸೇನಪ್ಪ ಹೇಗೂ ಉಳಿದಿದ್ದಾನೆ. ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದೆ.

ಭೀಮಬಾಯಿ ಶೀಟು ನೋಡಿದಳು. ಇಂಗ್ಲಿಷ್. ಪೆನ್ನು ನನ್ನ ಜೇಬಿನಿಂದ ತಾನೇ ತೆಗೆದುಕೊಂಡಳು. "ಎಲ್ಲಿ ಮಾಡ್ಲಿ ಹೇಳ್ರಿ." ಏನಿದು ಎಂದು ಕೇಳಲಿಲ್ಲ. ಹಾಳೆ ತಿರುಗಿಸಿಯೂ ನೋಡಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ನಂಬಬಾರದು ಯಾರನ್ನೂ.

"ಓದಿ ಹೇಳ್ತೀನಿ, ಕೇಳಿ" ಎಂದೆ.

"ನೀವು ಓದೀರಲ್ರಿ, ಸಾಕು."

"ಇಲ್ಲ. ಕೇಳಿ."

ಓದಿದೆ. ಕನ್ನಡದಲ್ಲಿ, ಒಂದೊಂದೇ ಸಾಲು. ಕಡೆಯವರು ನಿರಾಕರಿಸಿದರು ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು.

"ನಾ ಯಾವಾಗ ಬ್ಯಾಡ ಅಂದೆನ್ರಿ? ಖರೇನ ನೋಯ್ತದ ಅಂತ ನಾನ ಹೇಳಿದ್ನಲ್ರಿ ನಿಮಗ."

"ಹೇಳಿದ್ರಿ. ನಾನು ನಂಬ್ಲಿಲ್ಲ. ಹೊಟ್ಟೆ ಮುಟ್ಟೂ ನೋಡ್ಲಿಲ್ಲ. ನೋಡಿದೀನಿ ಅಂತ ಬರೆದೆ."

ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಹೋದೆ. ಅರ್ಥವಾಗಿತ್ತು. ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು. ಎದ್ದು ಹೋಗಿ ಗಂಡನ ಮಂಚದ ಈ ಪಕ್ಕ, ಅವನಿಗೂ ನನಗೂ ನಡುವೆ ನಿಂತಳು. ಅವನ ಡ್ರೆಸಿಂಗ್ ಒದ್ದೆಯಾಗಿತ್ತು. ನೋಡಲು ಹೋದೆ. ಕೈ ಅಡ್ಡ ಹಿಡಿದಳು.

"ಬ್ಯಾರೆ ಡಾಕ್ಟರ್ ಯಾರರ ಅದಾರೇನ್ರಿ?"

ಫಿಲೋಮಿನಾ ಸಿಸ್ಟರಿಗೆ ಹೇಳಿ ಕಳಿಸಿದ್ದೇನೆ. ಡ್ಯೂಟಿ ಡಾಕ್ಟರ್ ಬರುತ್ತಾರಂತೆ. ಹನ್ನೊಂದನೇ ತಾರೀಕು ಬರೆದ ನನ್ನ ಮೊದಲ ಶೀಟು, ವಾರ್ಡಿನ ಫೈಲಿನಿಂದ ತೆಗೆದಿಟ್ಟುಕೊಂಡದ್ದು, ಬ್ಯಾಗಿನಲ್ಲೇ ಇದೆ. ಇಲ್ಲಿನ ಆಡಳಿತದ ಆಫೀಸು ಐದಕ್ಕೆ ಮುಚ್ಚುತ್ತದೆ. ಈಗ ನಾಲ್ಕು ಐವತ್ತು. ಸೂರ್ಯ ಫೋನ್ ಮಾಡುತ್ತಿದ್ದಾನೆ, ಎತ್ತಿದರೆ ಅವನ ದನಿ ಕೇಳಿ ನಾನು ಹಿಂಜರಿದುಬಿಡುತ್ತೇನೆ. ಎತ್ತದೆ, ಆ ಶೀಟು ಹಿಡಿದು ಆಫೀಸಿನ ಕಡೆ ಹೊರಟೆ.